ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಗಾದೆ ಕೇಳಿ ನಗುವವರಿದ್ದಾರೆ. ನಮಗೆ ನಗು ಬರೋದಿಲ್ಲ. ಬೆನ್ನ ಮೇಲೆ ಬರೆ ಬಿದ್ದವರಿಗೇ ಹೊಳೆಯುವ ಮಾತು ಇದು. ಎತ್ತಿನ ಯಜಮಾನ ಇಂಥ ಗಾದೆ ಕಟ್ಟಲಾರ.

ಈ ಗಾದೆಯನ್ನು ಕೈಯಲ್ಲಿ ಹಿಡಿದುಕೊಂಡು ನಾವು ಈ ಸಲ ಒಂದು ಕಾಲ್ಚೆಂಡಿನ ಕತೆ ಹೇಳಬೇಕೆಂದಿದ್ದೇವೆ. ಭೂಮಿ, ನೀರು, ಜೀತ, ಮೀಸಲಾತಿಗಳ ಬಗ್ಗೆ ಬರೆಯುವ ಪುಟಗಳಲ್ಲಿ ಚೆಂಡಾಟಕ್ಕೇನು ಕೆಲಸ ಅಂತ ಗೆಳೆಯರು ಕೇಳಬಹುದು. ಕೇಳಲಿ. ನಾವು ಆಟದ ವರದಿ ಬರೆಯುತ್ತಿಲ್ಲ. ತಪ್ಪು ಮಾಡಿದವರು ಯಾರು, ದಂಡ ಕಟ್ಟಿದವರು ಯಾರು ಅನ್ನುವ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಹೋದೆವು. ಅದು ನಮ್ಮನ್ನು ಭುವನೇಶ್ವರದ ಒಂದು ಮೈದಾನಕ್ಕೂ ಅಲ್ಲಿಂದ ತಾಷ್ಕೆಂಟಿನ ಒಂದು ಹೋಟೆಲಿಗೂ ಕರಕೊಂಡು ಹೋಯಿತು. ನೀವೂ ಬನ್ನಿ.

ನಮ್ಮ ದೇಶದಲ್ಲಿ ಗಂಡಸರಿಗೆ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದು 1996ರಲ್ಲಿ. ಹೆಣ್ಣುಮಕ್ಕಳಿಗೆ ಇಂಡಿಯನ್ ವಿಮೆನ್ಸ್ ಲೀಗ್ ಅಂತ ಒಂದು ಹುಟ್ಟಿದ್ದು 2016-17ರಲ್ಲಿ. ಇಪ್ಪತ್ತು ವರ್ಷ ತಡ. ಮೊದಲ ವರ್ಷದ ಕೊನೆಯ ಸುತ್ತು ನಡೆದದ್ದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ. ಗೆದ್ದವರು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ನಿನ ಹುಡುಗಿಯರು. ನಾಲ್ಕನೇ ವರ್ಷದ ಫೈನಲ್ಲು 2020ರ ಫೆಬ್ರವರಿ 14ರಂದು ನಮ್ಮ ಬೆಂಗಳೂರಿನಲ್ಲೇ ಆಯಿತು. ಕೇರಳದ ಗೋಕುಲಂ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3-2ರಿಂದ ಸೋಲಿಸಿತು. ಅದಾದ ನಲವತ್ತನೇ ದಿನಕ್ಕೆ ದೇಶಕ್ಕೆ ಬೀಗ ಬಿತ್ತು.

ಬೀಗ ಎಲ್ಲರಿಗೂ ಬಿದ್ದರೂ ಕೀಲಿಕೈ ಕೆಲವರ ಹತ್ತಿರ ಇತ್ತು. 2020ರಲ್ಲಿ ಗಂಡಸರ ಐಪಿಎಲ್ ಕ್ರಿಕೆಟ್ಟನ್ನು ವಿಮಾನದಲ್ಲಿ ಎತ್ತಿಕೊಂಡು ಹೋಗಿ ಅರಬ್ ನಾಡಿನಲ್ಲಿ ಆಡಿಸಿದರು. ಗಂಡಸರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲನ್ನು ಗೋವಾದಲ್ಲಿ, ಜನರನ್ನು ಹೊರಗಿಟ್ಟು, ಪೂರ್ತಿ ಆಡಿಸಿದರು. ಹೆಣ್ಣುಮಕ್ಕಳ ಲೀಗನ್ನು ಮುಂದಕ್ಕೆ ಹಾಕಿದರು. ಆಮೇಲೆ ರದ್ದು ಮಾಡಿದರು. 2020-21 ಅನ್ನುವ ಸೀಸನ್ನೇ ಅವರ ಪಾಲಿಗೆ ಇಲ್ಲ.

ಸೀಸನ್ ಅನ್ನುವ ಮಾತು ನಮ್ಮ ಹಟ್ಟಿಗಳಿಗೆ ಹೊಸದಲ್ಲ. ಕಬ್ಬು ಕಡಿಯೋ ಸೀಸನ್ನು, ಕಾಫಿ ಹಣ್ಣು ಕೀಳೋ ಸೀಸನ್ನು, ಇಟ್ಟಿಗೆ ಸುಡೋ ಸೀಸನ್ನು. ಸೀಸನ್ ಇದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಲೀಗ್ ಆಡುವ ಹುಡುಗಿಗೂ ಲೆಕ್ಕ ಇಷ್ಟೇ. ಅವಳ ಸೀಸನ್ ರದ್ದು ಅಂದರೆ ಒಂದು ಕಪ್ಪು ಹೋಯಿತು ಅಂತ ಅಲ್ಲ, ಒಂದು ವರ್ಷದ ಅಕ್ಕಿ ಹೋಯಿತು ಅಂತ. 2021ರ ಮೇ ತಿಂಗಳಲ್ಲಿ ಜಾರ್ಖಂಡಿನಿಂದ ಒಂದು ಸುದ್ದಿ ಬಂತು. ದೇಶದ ಕಿರಿಯರ ತಂಡಕ್ಕೆ ಆಡಿದ್ದ ಆದಿವಾಸಿ ಹುಡುಗಿಯೊಬ್ಬಳು ಇಟ್ಟಿಗೆ ಗೂಡಿನಲ್ಲಿ ಕೂಲಿಗೆ ಹೋಗುತ್ತಿದ್ದಳು. ಚೆಂಡಿನ ಸೀಸನ್ ಇಲ್ಲದಾಗ ಇಟ್ಟಿಗೆಯ ಸೀಸನ್ನಿಗೆ ಇಳಿದಳು, ಅಷ್ಟೇ. ಪತ್ರಿಕೆಗಳಿಗೆ ಅದು ಆಶ್ಚರ್ಯ. ನಮಗೆ ಯಾವ ಆಶ್ಚರ್ಯವೂ ಇಲ್ಲ.

ಎರಡು ವರ್ಷ ಎರಡು ತಿಂಗಳ ಮೇಲೆ ಮತ್ತೆ ಲೀಗ್ ಶುರುವಾಯಿತು. 2022ರ ಏಪ್ರಿಲ್ 15. ಬಾಬಾಸಾಹೇಬರ ಜಯಂತಿಯ ಮಾರನೇ ದಿನ. ಒಡಿಶಾದ ಭುವನೇಶ್ವರ. 12 ತಂಡಗಳು, ಒಂದೊಂದು ತಂಡಕ್ಕೂ 11 ಆಟ, ಒಟ್ಟು 66 ಆಟ. ಇಷ್ಟನ್ನೂ 42 ದಿನದಲ್ಲಿ ಮುಗಿಸಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಒಡಿಶಾದ ಬಿಸಿಲು ಹೇಗಿರುತ್ತೆ ಅಂತ ಕೇಳಬೇಡಿ. ಕಲ್ಲು ಒಡೆಯುವವರೂ ನೆರಳು ಹುಡುಕುವ ಕಾಲ ಅದು. ಸರಾಸರಿ ನಾಲ್ಕು ದಿನಕ್ಕೊಂದು ಆಟ. ಓಡಬೇಕು, ಬೀಳಬೇಕು, ಏಳಬೇಕು, ಮತ್ತೆ ಓಡಬೇಕು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವೂ ಅಲ್ಲಿತ್ತು.

ಗೋಕುಲಂ ಹುಡುಗಿಯರು ಹತ್ತಕ್ಕೆ ಹತ್ತೂ ಗೆದ್ದರು. ಮಧುರೈ ಕಡೆಯ ಸೇತು ತಂಡದವರೂ ಹತ್ತಕ್ಕೆ ಹತ್ತು ಗೆದ್ದರು. ಕೊನೆಯ ಆಟ ಅವರಿಬ್ಬರ ನಡುವೆಯೇ. ಮೇ 26, ಕಳಿಂಗ ಕ್ರೀಡಾಂಗಣ. ಮೊದಲ ಗೋಲು ಸೇತು ಹೊಡೆಯಿತು. ಗೋಕುಲಂ ಬೆದರಲಿಲ್ಲ. ಮೂರು ಗೋಲು ತಿರುಗಿ ಹೊಡೆದು 3-1ಕ್ಕೆ ಮುಗಿಸಿತು. ಹನ್ನೊಂದಕ್ಕೆ ಹನ್ನೊಂದು. ಈ ಗೆಲುವಿಗೆ ಕಪ್ಪಿನ ಜೊತೆ ಇನ್ನೊಂದು ಫಲ ಇತ್ತು. ಏಷ್ಯಾ ಖಂಡದ ಹೆಣ್ಣುಮಕ್ಕಳ ಕ್ಲಬ್ಬುಗಳ ಟೂರ್ನಿಗೆ ದೇಶದ ಪರವಾಗಿ ಹೋಗುವ ಹಕ್ಕು. 2022ರ ಆಗಸ್ಟಿನಲ್ಲಿ, ಉಜ್ಬೇಕಿಸ್ತಾನದ ಕರ್ಶಿ ಅನ್ನುವ ಊರಲ್ಲಿ. ಆಗಸ್ಟ್ 23ಕ್ಕೆ ಒಂದು ಆಟ, 26ಕ್ಕೆ ಇನ್ನೊಂದು.

ಇದು ಮೈದಾನದ ಕತೆ. ಈಗ ಮೇಲಿನ ಮಹಡಿಯ ಕತೆ ಕೇಳಿ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಂತ ಇದೆ. ಅದರ ಅಧ್ಯಕ್ಷಗಿರಿಯಲ್ಲಿ ಪ್ರಫುಲ್ ಪಟೇಲ್ ಅವರ ಮೂರನೇ ಅವಧಿ 2020ರ ಡಿಸೆಂಬರಿಗೆ ಮುಗಿದಿತ್ತು. ಚುನಾವಣೆ ಆಗಬೇಕಿತ್ತು, ಆಗಲಿಲ್ಲ. ನಿಯಮಾವಳಿಯ ವ್ಯಾಜ್ಯ ಕೋರ್ಟಿನಲ್ಲಿದೆ ಅಂತ ಹೇಳಿಕೊಂಡು ಹಳೇ ಸಮಿತಿಯೇ ಕೂತಿತ್ತು. 2022ರ ಮೇ 18ರಂದು ಸುಪ್ರೀಂ ಕೋರ್ಟು ಅವರನ್ನು ಎಬ್ಬಿಸಿ ಮೂರು ಜನರ ಆಡಳಿತ ಸಮಿತಿ ನೇಮಿಸಿತು. ಆ ದಿನ ಭುವನೇಶ್ವರದಲ್ಲಿ ಲೀಗ್ ನಡೆಯುತ್ತಲೇ ಇತ್ತು ಅನ್ನೋದನ್ನ ನೆನಪಿಡಿ. ಮಹಡಿಯಲ್ಲಿ ಕುರ್ಚಿ ಜಗಳ, ಕೆಳಗೆ ಬಿಸಿಲಲ್ಲಿ ಆಟ.

ಫುಟ್‌ಬಾಲಿನ ಜಗದ್ಯಜಮಾನ ಫಿಫಾ. ಅದರ ನಿಯಮ ಏನೆಂದರೆ, ದೇಶದ ಸಂಘವನ್ನು ಸಂಘದವರೇ ನಡೆಸಬೇಕು, ಸರ್ಕಾರ ಕೋರ್ಟುಗಳು ಒಳಗೆ ಕೈ ಹಾಕಬಾರದು. ಈ ನಿಯಮಕ್ಕೆ ಅದರದೇ ಕಾರಣ ಇದೆ. ಸರ್ಕಾರಗಳು ಆಟವನ್ನು ತಮ್ಮ ಜೀತಕ್ಕೆ ಇಟ್ಟುಕೊಳ್ಳಬಾರದು ಅನ್ನುವ ಕಾರಣ. ನಾವು ಅದನ್ನು ತಳ್ಳಿಹಾಕೋದಿಲ್ಲ. 2022ರ ಆಗಸ್ಟ್ 15ರಂದು, ನಾವು ಸ್ವಾತಂತ್ರ್ಯದ ಎಪ್ಪತ್ತೈದು ವರ್ಷ ಮುಗಿದ ಹಬ್ಬ ಮಾಡುತ್ತಿದ್ದ ದಿನ, ಫಿಫಾ ಭಾರತದ ಸಂಘವನ್ನು ಅಮಾನತು ಮಾಡಿತು. ಮೂರನೆಯವರ ಅನುಚಿತ ಪ್ರಭಾವ ನಡೆದಿದೆ ಅನ್ನುವುದು ಅದು ಕೊಟ್ಟ ಕಾರಣ. ನಮ್ಮಲ್ಲಿ ಬೆಳಗಾಗಿ 16ನೇ ತಾರೀಖು ಸುದ್ದಿ ತಲುಪಿತು.

ಅದೇ 16ನೇ ತಾರೀಖು ಗೋಕುಲಂ ತಂಡ ತಾಷ್ಕೆಂಟಿಗೆ ಬಂದಿಳಿಯಿತು. ನಮ್ಮ ಹಿರಿಯರಿಗೆ ತಾಷ್ಕೆಂಟ್ ಅಂದರೆ 1966ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತೀರಿಕೊಂಡ ಊರು. ಇನ್ನು ಮೇಲೆ ನಮಗೆ ಇನ್ನೊಂದು ನೆನಪೂ ಇರಲಿ. 23 ಜನ ಆಟಗಾರ್ತಿಯರು ಬೂಟು, ಜೆರ್ಸಿ ಎಲ್ಲ ತುಂಬಿಕೊಂಡು ವಿಮಾನ ಇಳಿದರು. ಇಳಿದ ಮೇಲೆ ಗೊತ್ತಾಯಿತು, ತಾವು ಆಡುವ ಹಾಗಿಲ್ಲ ಅಂತ. ಹೋಟೆಲಿನಲ್ಲಿ ಕೂತರು. ನಮ್ಮದೇನೂ ತಪ್ಪಿಲ್ಲ, ನಮ್ಮನ್ನು ಆಡಲು ಬಿಡಿಸಿ ಅಂತ ಪ್ರಧಾನಿಗೆ ಮೊರೆ ಇಟ್ಟರು. ಸರ್ಕಾರವೂ ಫಿಫಾಕ್ಕೆ, ಏಷ್ಯಾದ ಒಕ್ಕೂಟಕ್ಕೆ ಬರೆಯಿತು. ಆಗಲಿಲ್ಲ. ಆಡದೆಯೇ ಹಿಂದಕ್ಕೆ ಬಂದರು.

ಆಗಸ್ಟ್ 26ರಂದು ಅಮಾನತು ತೆರವಾದ ಸುದ್ದಿ ಪ್ರಕಟವಾಯಿತು. ಅವರ ಎರಡನೇ ಆಟ ಇದ್ದ ದಿನವೇ. ಸೆಪ್ಟೆಂಬರ್ 7ರಂದು ಗಂಡಸರ ಎಟಿಕೆ ಮೋಹನ್ ಬಗಾನ್ ತಂಡ ಕೋಲ್ಕತ್ತದಲ್ಲಿ ಏಷ್ಯಾದ ಆಟಕ್ಕೆ ಇಳಿಯಿತು. ಮಲೇಷ್ಯಾದ ಕ್ವಾಲಾಲಂಪುರ ಸಿಟಿ ತಂಡದೆದುರು 1-3ರಿಂದ ಸೋತಿತು. ಸೋತರು, ಆದರೆ ಆಡಿ ಸೋತರು. ಗೋಕುಲಂ ಹುಡುಗಿಯರಿಗೆ ಸೋಲುವ ಹಕ್ಕೂ ಸಿಗಲಿಲ್ಲ.

ಗಂಡಸರ ಆಟ ಉಳಿಸಬೇಕು, ಹೆಣ್ಣುಮಕ್ಕಳ ಆಟ ಕೆಡಿಸಬೇಕು ಅಂತ ಯಾರೂ ಪಿತೂರಿ ಮಾಡಲಿಲ್ಲ. ತಾರೀಖುಗಳು ಹಾಗೆ ಬಿದ್ದವು. ನಾವು ಇದನ್ನು ಒಪ್ಪುತ್ತೇವೆ. ಒಪ್ಪಿಕೊಂಡೇ ಕೇಳುತ್ತೇವೆ: ತಾರೀಖುಗಳು ಯಾವಾಗಲೂ ಕೆಳಗಿದ್ದವರ ಮೇಲೇ ಯಾಕೆ ಬೀಳುತ್ತವೆ? ಊರಲ್ಲಿ ನೀರಿಗೆ ಬರ ಬಂದರೆ ಮೊದಲು ಬತ್ತೋದು ಕೇರಿಯ ನಲ್ಲಿ. ಯಾರೂ ದ್ವೇಷ ಸಾಧಿಸಬೇಕಾಗಿಲ್ಲ. ಕೊಳವೆಯನ್ನು ಹಾಕಿರೋದೇ ಹಾಗೆ. ಒಬ್ಬೊಬ್ಬರೂ ಒಳ್ಳೆಯವರಾಗಿದ್ದುಕೊಂಡೇ ಅನ್ಯಾಯ ನಡೆಸಬಹುದು. ವ್ಯವಸ್ಥೆ ಅಂತ ನಾವು ಕರೆಯೋದು ಅದನ್ನೇ.

ಈಗ ಪ್ರಶ್ನೆಗೆ ಬರೋಣ.

ಮಾಡಿದ್ದುಣ್ಣೋ ಮಾರಾಯ ಅಂತ ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಕರ್ಮ ಸಿದ್ಧಾಂತದ ಬೀಜ ಅದು. ಮೇಲುನೋಟಕ್ಕೆ ಬಹಳ ನ್ಯಾಯವಾಗಿ ಕಾಣುತ್ತೆ. ಮಾಡಿದವನೇ ಉಣ್ಣಬೇಕು, ಇದಕ್ಕಿಂತ ಸರಿಯಾದ ಮಾತು ಯಾವುದಿದೆ? ಆದರೆ ಅದರ ಹೊಟ್ಟೆಯಲ್ಲಿ ಒಂದು ಹುನ್ನಾರ ಇದೆ. ಅದು ತಪ್ಪು ಮಾಡಿದವನನ್ನು ಹುಡುಕಿ ದಂಡ ಹಾಕೋದಿಲ್ಲ. ದಂಡ ಉಣ್ಣುತ್ತಿರುವವನನ್ನು ತೋರಿಸಿ, ಇವನೇ ಮಾಡಿರಬೇಕು ಅನ್ನುತ್ತೆ. ಈ ಜನ್ಮದಲ್ಲಿ ಸಾಕ್ಷಿ ಸಿಗದಿದ್ದರೆ ಹಿಂದಿನ ಜನ್ಮಕ್ಕೆ ಹೋಗಿ ಸಾಕ್ಷಿ ತರುತ್ತೆ. ನಮ್ಮ ತಾತ ಮುತ್ತಾತಂದಿರು ಹೊತ್ತ ಹೇಲಿನ ಬುಟ್ಟಿಗೆ, ಎಳೆದ ಸತ್ತ ದನಕ್ಕೆ, ಊರಾಚೆಯ ಗುಡಿಸಲಿಗೆ ಪುರೋಹಿತಶಾಹಿ ಕೊಟ್ಟ ಸಮಜಾಯಿಷಿ ಇದೇ ಅಲ್ಲವೇ? ನೀನು ಅನುಭವಿಸ್ತಾ ಇದೀಯ, ಆದ್ದರಿಂದ ನೀನು ತಪ್ಪಿತಸ್ಥ.

ತಾಷ್ಕೆಂಟಿನ ಹುಡುಗಿಯರಿಗೆ ಕರ್ಮ ಅಂತ ಯಾರೂ ಹೇಳಲಿಲ್ಲ. ದುರದೃಷ್ಟ ಅಂದರು. ದುರದೃಷ್ಟ ಅನ್ನೋದು ಕರ್ಮಕ್ಕೆ ಓದಿದವರು ಇಟ್ಟುಕೊಂಡ ಹೆಸರು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತ ಊರಲ್ಲಿ ಅಂತಾರಲ್ಲ, ಆ ಮಾತಿನ ಅಣ್ಣತಮ್ಮ. ಪಾಪಿ ಯಾರು ಅಂತ ಕೇಳೋರಿಲ್ಲ. ನೀರು ಬತ್ತಿಸಿದವರು ಯಾರು ಅಂತಂತೂ ಕೇಳೋದೇ ಇಲ್ಲ.

ಒಬ್ಬ ಓದಿದ ಗೆಳೆಯರು ನಮ್ಮ ಜೊತೆ ವಾದಕ್ಕೆ ಇಳಿದರು. "ಶಿಕ್ಷೆ ಕೊಟ್ಟದ್ದು ಆಟಗಾರರಿಗಲ್ಲ ಕಣ್ರೀ, ಸಂಸ್ಥೆಗೆ. ಸಂಸ್ಥೆ ಅಂದ ಮೇಲೆ ಅದರೊಳಗಿನವರೆಲ್ಲ ಅನುಭವಿಸಬೇಕಾಗುತ್ತೆ" ಅಂದರು. ಮಾತು ಸರಿಯಾಗಿಯೇ ಕೇಳಿಸುತ್ತೆ. ಆದರೆ ಸಂಸ್ಥೆಗೆ ಕಾಲಿಲ್ಲ, ಹೊಟ್ಟೆಯಿಲ್ಲ, ಕಣ್ಣೀರಿಲ್ಲ. ಅದಕ್ಕೆ ಹಾಕಿದ ದಂಡ ಕೊನೆಗೆ ಯಾವುದಾದರೂ ಒಂದು ಮೈ ಮೇಲೆ ಇಳಿಯಲೇಬೇಕು. ಯಾರ ಮೈ ಅನ್ನೋದೇ ನಮ್ಮ ಪ್ರಶ್ನೆ. ಅಧ್ಯಕ್ಷರಾಗಿದ್ದವರು ಹನ್ನೆರಡು ವರ್ಷ ಕೂತು ಎದ್ದುಹೋದರು. ಅವರ ಯಾವ ದಿನದ ಕೂಲಿಯೂ ಹೋಗಲಿಲ್ಲ. ಹೋದದ್ದು ಹನ್ನೊಂದು ಆಟ ಗೆದ್ದ ಕಾಲುಗಳ ಕೂಲಿ.

ಇನ್ನೂ ಒಂದು ಮಾತಿದೆ. ಅದರೊಳಗಿನವರು ಅಂದಿರಲ್ಲ, ಆಟಗಾರ್ತಿ ಆ ಸಂಘದ ಒಳಗಿನವಳೇನು? ಸಂಘದ ಸದಸ್ಯರು ರಾಜ್ಯ ಸಂಘಗಳು. ಆಗ ಮತ ಹಾಕುತ್ತಿದ್ದವರು ಅವುಗಳ ಪ್ರತಿನಿಧಿಗಳು. ಅಧ್ಯಕ್ಷರನ್ನು ಕೂರಿಸುವಾಗ ಅವಳನ್ನು ಕೇಳಲಿಲ್ಲ, ಚುನಾವಣೆ ಮುಂದೂಡುವಾಗ ಕೇಳಲಿಲ್ಲ. ಮತ ಹಾಕುವಾಗ ಹೊರಗಿನವಳು, ದಂಡ ಕಟ್ಟುವಾಗ ಒಳಗಿನವಳು.

ಈ ಲೆಕ್ಕ ನಮಗೆ ಚೆನ್ನಾಗಿ ಗೊತ್ತಲ್ಲ, ಬಂಧುಗಳೇ! ತಲೆ ಎಣಿಸುವಾಗ ನಾವು ಹಿಂದೂಗಳು, ಗುಡಿ ಬಾಗಿಲಿಗೆ ಬಂದರೆ ಹೊರಗಿನವರು. ಊರ ಹಬ್ಬಕ್ಕೆ ತಮಟೆ ಬಡಿಯುವಾಗ ಊರಿನವರು, ಊರ ಚಾವಡಿಯಲ್ಲಿ ಮಾತಾಡಬೇಕಾದರೆ ಕೇರಿಯವರು. ಆ 23 ಜನ ಹುಡುಗಿಯರ ಜಾತಿ ಯಾವುದು ಅಂತ ನಾವು ವಿಚಾರಿಸಲಿಲ್ಲ. ವಿಚಾರಿಸಬೇಕಾಗಿಯೂ ಇಲ್ಲ. ಜಾತಿ ಅನ್ನೋದು ಬರೀ ರಕ್ತದ ಮಾತಲ್ಲ, ಅದೊಂದು ಏರ್ಪಾಡು. ಹಕ್ಕು ಮೇಲೆ ನಿಂತು, ಹೊಣೆ ಕೆಳಕ್ಕೆ ಹರಿಯುವ ಏರ್ಪಾಡು. ಆ ಏರ್ಪಾಡು ಎಲ್ಲಿ ಕಂಡರೂ ನಮಗೆ ಗುರುತು ಸಿಗುತ್ತೆ. ಎಕ್ಕಡ ಎಲ್ಲಿ ಚುಚ್ಚುತ್ತೆ ಅಂತ ಹೊಲಿದವನಿಗೆ ಗೊತ್ತು.

ಅದೇ 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ಊರಿನ ಸುದ್ದಿ ಬಂತು. ಉತ್ಸವದ ದೇವರ ಕೋಲನ್ನು ನಮ್ಮ ಹುಡುಗನೊಬ್ಬ ಮುಟ್ಟಿದ ಅಂತ ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಅಂದರು. ಆ ಮನೆಯವರು ದೇವರ ಪಟಗಳನ್ನು ತೆಗೆದು ಬುದ್ಧನ, ಬಾಬಾಸಾಹೇಬರ ಪಟ ಇಟ್ಟುಕೊಂಡರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗೋದು ತಪ್ಪಾದೀತು. ಮಾಲೂರಲ್ಲಿ ತಪ್ಪೇ ಇಲ್ಲ, ದಂಡ ಇದೆ. ತಾಷ್ಕೆಂಟಿನಲ್ಲಿ ತಪ್ಪಿದೆ, ದಂಡ ಇನ್ನೊಬ್ಬರ ತಲೆಗೆ. ಆದರೆ ಎರಡು ಕಡೆಯೂ ದಂಡ ಹಾಕುವ ಚಾವಡಿಯಲ್ಲಿ ದಂಡ ಕಟ್ಟುವವರಿಗೆ ಕೂರಲು ಜಾಗ ಇಲ್ಲ. ಅದು ಮಾತ್ರ ಒಂದೇ.

ಅಮಾನತು ತೆರವಾದದ್ದು ಹೇಗೆ ಅನ್ನೋದನ್ನೂ ನೋಡಬೇಕು. ಕತೆಯ ಕಹಿ ಇರೋದು ಅಲ್ಲೇ.

ಆ ವರ್ಷದ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಒಂದು ಆದೇಶ ಮಾಡಿತ್ತು. ಸಂಘದ ಚುನಾವಣೆಯಲ್ಲಿ 36 ರಾಜ್ಯ ಸಂಘಗಳ ಪ್ರತಿನಿಧಿಗಳ ಜೊತೆಗೆ 36 ಮಂದಿ ಹೆಸರಾಂತ ಹಳೇ ಆಟಗಾರರೂ ಮತ ಹಾಕಲಿ, 24 ಗಂಡಸರು, 12 ಹೆಂಗಸರು ಅಂತ. ಇವರೂ ಆಟ ಬಿಟ್ಟವರೇ, ತಾಷ್ಕೆಂಟಿನ ಹೋಟೆಲಿನಲ್ಲಿ ಕೂತವರಲ್ಲ. ಆದರೂ ಒಂದು ಬಾಗಿಲು ತೆರೆದಿತ್ತು. ಬೂಟು ಹಾಕಿದ ಕಾಲಿಗೆ ಮತ ಹಾಕುವ ಕೈಯೂ ಬರುವ ಹಾಗಿತ್ತು. ಹೀಗೆ ಒಬ್ಬೊಬ್ಬರಾಗಿ ಬಂದು ಮತ ಹಾಕುವುದಕ್ಕೆ ಫಿಫಾ ಒಪ್ಪಲಿಲ್ಲ. ಅಮಾನತು ಬಿತ್ತು. ಆಗಸ್ಟ್ 22ರಂದು ಕೋರ್ಟು ಆಡಳಿತ ಸಮಿತಿಯನ್ನು ಮುಗಿಸಿತು. ಮತ ರಾಜ್ಯ ಸಂಘಗಳಿಗೆ ಮಾತ್ರ ಅಂತ ಬದಲಾಯಿಸಿತು. ಕಾರ್ಯಕಾರಿ ಸಮಿತಿಯಲ್ಲಿ ಆರು ಜನ ಹಳೇ ಆಟಗಾರರು, ಅವರಲ್ಲಿ ಇಬ್ಬರು ಹೆಂಗಸರು, ಇರಲಿ ಅಂತ ಉಳಿಯಿತು. ನಾಲ್ಕು ದಿನಕ್ಕೆ ಅಮಾನತು ಹೋಯಿತು. ಸೆಪ್ಟೆಂಬರ್ 2ಕ್ಕೆ ಚುನಾವಣೆ. ಕಲ್ಯಾಣ್ ಚೌಬೆ 33, ಭೈಚುಂಗ್ ಭುಟಿಯಾ 1. ಗೆದ್ದವರು ಸೋತವರು ಇಬ್ಬರೂ ಒಂದು ಕಾಲದ ಆಟಗಾರರೇ. ಆದರೆ ಮತ ಹಾಕಿದ ಕೈಗಳು ರಾಜ್ಯ ಸಂಘಗಳವು.

ಕೂರಲು ಕುರ್ಚಿ ಸಿಕ್ಕಿತು, ಆರಿಸುವ ಕೈ ಸಿಗಲಿಲ್ಲ. ಇದನ್ನು ಬರೆಯುವಾಗ ನಮಗೆ 1932 ನೆನಪಾಗದೆ ಇರೋದಿಲ್ಲ. ಆ ವರ್ಷ ನಮ್ಮವರಿಗೆ ನಮ್ಮವರನ್ನೇ ನಾವು ಆರಿಸಿಕೊಳ್ಳುವ ಪ್ರತ್ಯೇಕ ಮತದ ಹಕ್ಕು ಬಂದಿತ್ತು. ಯೆರವಡಾ ಜೈಲಿನಲ್ಲಿ ಗಾಂಧೀಜಿ ಉಪವಾಸಕ್ಕೆ ಕೂತರು. ಒಂದು ಜೀವದ ಭಾರವನ್ನು ಬಾಬಾಸಾಹೇಬರ ತಲೆ ಮೇಲೆ ಇಟ್ಟರು. ಸೆಪ್ಟೆಂಬರ್ 24ಕ್ಕೆ ಪುಣೆ ಒಪ್ಪಂದ ಆಯಿತು. ಮೀಸಲು ಸ್ಥಾನ ಹೆಚ್ಚಾದವು, ನಮ್ಮವರನ್ನು ನಾವೇ ಆರಿಸುವ ಹಕ್ಕು ಹೋಯಿತು. ಅದಕ್ಕೂ ಇದಕ್ಕೂ ಅಜಗಜಾಂತರ ಇದೆ. ಅಲ್ಲಿ ಕೋಟಿಗಟ್ಟಲೆ ಜನರ ಬಾಳು, ಇಲ್ಲಿ ಒಂದು ಆಟದ ಸಂಘ. ಆದರೆ ರೀತಿ ನೋಡಿ. ಮೊದಲು ಒಂದು ಸಂಕಟ ಎದ್ದು ನಿಲ್ಲುತ್ತೆ. ಆ ಸಂಕಟವನ್ನು ಬಿಡಿಸಬೇಕಾದರೆ ಏನಾದರೂ ಬಿಟ್ಟುಕೊಡಬೇಕು ಅನ್ನುತ್ತಾರೆ. ಬಿಟ್ಟುಕೊಡೋದು ಯಾವಾಗಲೂ ಕೆಳಗಿನವರ ಮತ. ಆಮೇಲೆ ಕೆಳಗಿನವರಿಗೇ ಹೇಳುತ್ತಾರೆ, ನಿಮ್ಮ ಒಳ್ಳೆಯದಕ್ಕೇ ಮಾಡಿದೆವು, ಈಗ ಆಡಿಕೊಳ್ಳಿ ಅಂತ.

2025ರ ಸೆಪ್ಟೆಂಬರ್ 19ರಂದು ಕೋರ್ಟು ಸಂಘದ ಹೊಸ ನಿಯಮಾವಳಿಯನ್ನು ಒಪ್ಪಿತು. ಅದರಲ್ಲಿ ಹಳೇ ಆಟಗಾರರಿಗೆ, ಹೆಣ್ಣುಮಕ್ಕಳಿಗೆ ಜಾಗ ಬರೆದಿದೆ. ಅದಕ್ಕೂ ಮುಂಚೆ, 2023ರಲ್ಲಿ, ಲೀಗಿನ ಒಂದೊಂದು ತಂಡವೂ ಕಡೇಪಕ್ಷ ಹತ್ತು ಜನ ಭಾರತದ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷಕ್ಕೆ ಕಡಿಮೆಯಿಲ್ಲದ ಸಂಬಳ ಬರೆದುಕೊಡಬೇಕು ಅಂತ ತೀರ್ಮಾನವಾಗಿತ್ತು. 2023-24ರ ಸೀಸನ್ನಿನಲ್ಲಿ ತಂಡಗಳು ಒಂದೇ ಊರಲ್ಲಿ ಗುಂಪುಗೂಡದೆ ತಮ್ಮ ತಮ್ಮ ಊರುಗಳಲ್ಲೂ ಆಡಿದವು. ಇವೆಲ್ಲ ಒಳ್ಳೆಯದೇ. ಒಳ್ಳೆಯದನ್ನು ಒಳ್ಳೆಯದು ಅನ್ನೋದಕ್ಕೆ ನಮಗೇನೂ ನಾಚಿಕೆಯಿಲ್ಲ. ಆದರೆ ಆಗಸ್ಟ್ 23ರ ಆಟವನ್ನು ಯಾರೂ ವಾಪಸ್ಸು ತಂದುಕೊಡಲಾರರು.

ಇಷ್ಟು ಹೇಳಿದ ಮೇಲೆ ನಮ್ಮ ಸಂಘದ ಹಿರಿಯ ಗೆಳೆಯರೊಬ್ಬರು ಒಂದು ಪ್ರಶ್ನೆ ಎಸೆದರು. ಅದು ನಮ್ಮ ನಿದ್ದೆ ಕೆಡಿಸಿತು. "ಅಲ್ಲಯ್ಯಾ, ನಾವು ಮುಷ್ಕರ ಹೂಡಿದಾಗ ಯಾರ ಹೊಟ್ಟೆ ಮೇಲೆ ಮೊದಲು ಹೊಡೆತ ಬೀಳ್ತದೆ? ಬಡವನದೇ ತಾನೇ? ಮೇಲಿನವರು ಬಗ್ಗಬೇಕಾದರೆ ಕೆಳಗಿನವರು ನೋಯಲೇಬೇಕು. ಫಿಫಾ ಮಾಡಿದ್ದೂ ಅಷ್ಟೇ" ಅಂದರು.

ನಾವು ಮೊದಲು ಕೊಟ್ಟ ಉತ್ತರ ಇದು: ಅಣ್ಣಾ, ಮುಷ್ಕರ ಹೂಡುವವನು ತನ್ನ ಹಸಿವನ್ನು ತಾನೇ ಒಪ್ಪಿಕೊಂಡು ಹೂಡುತ್ತಾನೆ. ಸಭೆಯಲ್ಲಿ ಕೈ ಎತ್ತಿರುತ್ತಾನೆ. ಕೈ ಎತ್ತಿ ಹಸಿಯೋದು ಹೋರಾಟ. ಕೈ ಎತ್ತಲು ಬಿಡದೆ ಹಸಿಸೋದು ಶಿಕ್ಷೆ. ಎರಡಕ್ಕೂ ನಡುವೆ ಇರೋದು ಒಪ್ಪಿಗೆ. ಆ ಹುಡುಗಿಯರನ್ನು ಯಾರು ಕೇಳಿದರು?

ಉತ್ತರ ಕೊಟ್ಟು ಗೆದ್ದೆವು ಅಂದುಕೊಂಡೆವು. ಆದರೆ ರಾತ್ರಿ ಮಲಗಿದಾಗ ನಮ್ಮ ಉತ್ತರವೇ ತಿರುಗಿ ನಮ್ಮನ್ನು ಹಿಡಿದುಕೊಂಡಿತು. ನಮ್ಮ ಕೇರಿಯಲ್ಲಿ ಹೋರಾಟಕ್ಕೆ ಇಳಿಯಬೇಕು ಅಂತ ತೀರ್ಮಾನ ಮಾಡೋರು ಯಾರು? ಅಂಬೇಡ್ಕರ್ ಭವನದಲ್ಲಿ ರಾತ್ರಿ ಹತ್ತು ಗಂಟೆಗೆ ಕೂತ ನಾವು ಗಂಡಸರು. ಮಾರನೇ ದಿನ ಊರವರು ಬಹಿಷ್ಕಾರ ಹಾಕಿದರೆ ಗೌಡರ ಹೊಲದ ಕಳೆ ಕೂಲಿ ತಪ್ಪೋದು ಯಾರಿಗೆ? ಅಂಗಡಿಯಲ್ಲಿ ಸಾಮಾನು ಕೊಡದಿದ್ದರೆ ಉಪ್ಪಿಗೆ ಎರಡು ಮೈಲಿ ನಡೆಯೋರು ಯಾರು? ನೀರಿಗೆ ಆಚೆ ಊರಿನ ಬೋರಿಗೆ ಕೊಡ ಹೊತ್ತು ಹೋಗೋರು ಯಾರು? ನಮ್ಮ ಅವ್ವಂದಿರು, ಅಕ್ಕಂದಿರು. ಅವರು ಭವನದ ಬಾಗಿಲ ಹೊರಗೆ ಕೂತು ಟೀ ಲೋಟ ತೊಳೀತಾ ಇದ್ದರು. ಕೈ ಎತ್ತೋದಕ್ಕೆ ಅವರನ್ನು ಒಳಗೆ ಕರೆದೆವಾ?

ಕರೆಯಲಿಲ್ಲ. ಇದನ್ನು ನಾವು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇವೆ. ಹೋರಾಟ ತಪ್ಪು ಅಂತ ಅಲ್ಲ. ಕೇಳಿದ್ದರೆ ಅವರು ನಮಗಿಂತ ಮುಂದೆ ನಿಲ್ಲುತ್ತಿದ್ದರು ಅಂತಲೂ ನಮಗೆ ಗೊತ್ತು. ಆದರೆ ಹೇಗೂ ಒಪ್ತಾರೆ ಅಂದುಕೊಂಡು ಕೇಳದೆ ಇರೋದು ಯಜಮಾನಿಕೆ. ಊರ ಯಜಮಾನನಿಂದ ನಾವು ಬೇರೆ ಏನನ್ನೂ ಕಲಿಯದಿದ್ದರೂ ಇದೊಂದನ್ನು ಮಾತ್ರ ಚೆನ್ನಾಗಿ ಕಲಿತುಬಿಟ್ಟಿದ್ದೇವೆ.

ಹಳ್ಳಿ ಶಾಲೆಗಳಲ್ಲಿ ಪಾಠ ಮಾಡುವ ಮೇಷ್ಟರುಗಳು, ಮೇಡಂಗಳು ಈ ಪುಟ ಓದುತ್ತೀರಿ. ನಿಮಗೂ ಒಂದು ಮಾತು. ಒಬ್ಬ ಹುಡುಗ ಕಿಟಕಿ ಗಾಜು ಒಡೆದರೆ ಇಡೀ ತರಗತಿಯನ್ನು ಬಿಸಿಲಲ್ಲಿ ನಿಲ್ಲಿಸುತ್ತೀರಲ್ಲ. ಒಡೆದವನ ಹೆಸರು ಹೊರಗೆ ಬರಲಿ ಅಂತ ನಿಮ್ಮ ಉಪಾಯ. ಆದರೆ ಅಲ್ಲಿ ನಿಂತ ಮಕ್ಕಳಲ್ಲಿ ಒಬ್ಬಳು ಬೆಳಗ್ಗೆ ಏನೂ ತಿನ್ನದೆ ಬಂದಿರುತ್ತಾಳೆ. ಮೊದಲು ತಲೆ ಸುತ್ತಿ ಬೀಳೋದು ಅವಳು. ಗಾಜು ಒಡೆದವನಲ್ಲ. ಎಲ್ಲರಿಗೂ ಸಮ ಅಂತ ಕೊಟ್ಟ ಶಿಕ್ಷೆ ಯಾವತ್ತೂ ಸಮವಾಗಿ ಬೀಳೋದಿಲ್ಲ. ಮುಂದಿನ ಸಲ ನಿಲ್ಲಿಸುವ ಮುಂಚೆ ಅವಳ ಮುಖ ನೋಡಿ.

ನಾವು ಕೇಳುತ್ತಿರೋದು ದೊಡ್ಡ ತತ್ವವೇನಲ್ಲ. ತೀರ್ಮಾನದಲ್ಲಿ ಪಾಲಿಲ್ಲದವರಿಗೆ ದಂಡದಲ್ಲೂ ಪಾಲಿರಬಾರದು. ದಂಡ ಕಟ್ಟಿಸಲೇಬೇಕು ಅಂದರೆ ಮೊದಲು ತೀರ್ಮಾನದಲ್ಲಿ ಪಾಲು ಕೊಡಿ. ಫಿಫಾಕ್ಕೂ ಇದೇ ಮಾತು, ಫೆಡರೇಷನ್ನಿಗೂ ಇದೇ ಮಾತು, ಊರ ಚಾವಡಿಗೂ ಇದೇ ಮಾತು, ನಮ್ಮ ಭವನಕ್ಕೂ ಇದೇ ಮಾತು. ಮೂರನೆಯವರ ಪ್ರಭಾವ ಅಂತ ಫಿಫಾ ಬರೆಯಿತಲ್ಲ, ಸರಿ. ಸರ್ಕಾರ ಮೂರನೆಯವರು, ಕೋರ್ಟು ಮೂರನೆಯವರು. ಹಾಗಾದರೆ ಮೊದಲನೆಯವರು ಯಾರು? ಕುರ್ಚಿಯಲ್ಲಿ ಕೂತವರೋ, ಬಿಸಿಲಲ್ಲಿ ಓಡಿದವರೋ?

ಆಡದ ಆಟಕ್ಕೆ ದಾಖಲೆಯಲ್ಲಿ ಜಾಗ ಇಲ್ಲ. ಗೋಲು ಎಷ್ಟು ಅಂತ ಬರೆಯೋ ಕಡೆ ಏನೂ ಇರೋದಿಲ್ಲ. ಅದಕ್ಕೇ ನಾವು ಇಲ್ಲಿ ಬರೆದಿಡುತ್ತಿದ್ದೇವೆ. 2022ರ ಆಗಸ್ಟ್ 23, ಕರ್ಶಿ. ಗೋಕುಲಂ ಹುಡುಗಿಯರು ಆಡಬೇಕಿತ್ತು. ಎತ್ತಿಗೆ ಜ್ವರ ಬಂದಿತ್ತು.

ಮುಂದಿನ ಭಾನುವಾರ ನಮ್ಮ ಭವನದಲ್ಲಿ ಸಭೆ ಇದೆ. ಈ ಸಲ ಟೀ ಲೋಟ ನಾವು ತೊಳೀತೀವಿ. ಅವ್ವಂದಿರು ಒಳಗೆ ಬಂದು ಕೂರಲಿ.